ಆರನೇ ಹಾಡಿನ ಹೆಂಗಸು

ಪಾಂಡವಪುರದ ಸುತ್ತಮುತ್ತ ಸೌಂಡ್ ಕೆಲಸ ಮಾಡುವ ಮೂವರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. "ಚೆಲುವಣ್ಣ, ನಿಮ್ ಕಾಲದಲ್ಲಿ ಮೈಕ್ ಸೆಟ್ ಕೆಲ್ಸ ಎಂಗಿತ್ತು ಅಂತ ಒಸಿ ಬರ್ಕೊಡಿ. ಒಸದಾಗಿ ಈ ಕೆಲ್ಸಕ್ಕೆ ಬರೋರು ಓದ್ಕತಾರೆ" ಅಂದರು. ನಾನು ಓದಿದ್ದು ಏಳನೇ ಕ್ಲಾಸು. ಮದುವೆ ಮನೆಯವರ ಹೆಸರು, ಊರು, ಎಷ್ಟು ಹಾರ್ನು, ಎಷ್ಟು ಬಾಕ್ಸು ಅಂತ ಡೈರಿಯಲ್ಲಿ ಗೀಚಿದ್ದು ಬಿಟ್ಟರೆ ಬೇರೆ ಏನೂ ಬರೆದವನಲ್ಲ. ಆದರೂ ಒಪ್ಪಿಕೊಂಡೆ. ಅವರು ಕೇಳಿದ್ದು ಕೆಲಸದ ಬಗ್ಗೆ. ನನಗೆ ಹೇಳಬೇಕಾಗಿರುವುದು ನಮ್ಮಕ್ಕನಿಗೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಆ ತಪ್ಪು ಈ ಕೆಲಸದ ಒಳಗೇ ಆದದ್ದು. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಈಗ ನಿಮ್ಮೆಲ್ಲರ ಫೋನಿನಲ್ಲೂ ಒಂದು ರ‍್ಯಾಪ್ ಆಲ್ಬಂ ಇದೆ. ಸಿನಿಮಾ ಹಾಡುಗಳ ನಡುನಡುವೆ ಬಡಬಡ ಹೇಳಿ ಹೆಸರು ಮಾಡಿದ ಹುಡುಗನ ಸ್ವಂತದ ಮೊದಲ ಆಲ್ಬಂ. ಅದರ ಆರನೇ ಹಾಡಿನ ಶುರುವಿನಲ್ಲಿ ಒಬ್ಬ ಹೆಂಗಸು ಮುಕ್ಕಾಲು ನಿಮಿಷ ಬೀಗರನ್ನು ಜರಿಯುವ ಪದ ಹಾಡುತ್ತಾಳೆ. ಅವಳು ಯಾರು ಅಂತ ನಿಮ್ಮಲ್ಲೇ ವಾದ ನಡೆದಿದೆ. ಅವಳು ನಮ್ಮಕ್ಕ ಸಾಕಮ್ಮ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಯಾಕೆ ಹಿಡಿಯಿತು ಅನ್ನುವುದನ್ನು ಮೊದಲಿಂದ ಹೇಳುತ್ತೇನೆ.

ನಾನು ಕೆಲಸ ಕಲಿತದ್ದು ಶ್ರೀರಂಗಪಟ್ಟಣದ ಖಾದರ್ ಸಾಬರ ಹತ್ತಿರ. ಅವರ ಅಂಗಡಿಯಲ್ಲಿ ನಾಲ್ಕು ಹಾರ್ನು, ಎರಡು ಆಂಪ್ಲಿಫೈಯರು, ಒಂದು ಸೈಕಲ್ಲು ಇದ್ದವು. ಹಾರ್ನನ್ನು ಮರಕ್ಕೆ ಕಟ್ಟುವ ಮೊದಲು ಸಾಬರು ಒಂದು ಚಿಟಿಕೆ ಮಣ್ಣು ಗಾಳಿಗೆ ಬಿಟ್ಟು ನೋಡುತ್ತಿದ್ದರು, ಗಾಳಿ ಯಾವ ಕಡೆಗೆ ಅಂತ. ಅರ್ತಿಂಗ್ ಇಲ್ಲದ ಮನೆಯಲ್ಲಿ ಕಬ್ಬಿಣದ ಸಲಾಕೆ ನೆಲಕ್ಕೆ ಹೊಡೆದು ಉಪ್ಪುನೀರು ಹುಯ್ಯುತ್ತಿದ್ದರು. ಮೈಕನ್ನು ಊದಿ ನೋಡಿದರೆ ಬೆನ್ನಿಗೆ ಗುದ್ದುತ್ತಿದ್ದರು. "ಬೆಂಕಿ ಊದೋ ಕೊಳವೇನಾ ಅದು? ಉಗುರಲ್ಲಿ ಕೆರೆದು ನೋಡೋ, ಗಧೇ!"

ಅವರು ಕಲಿಸಿದ ಎರಡು ವಿಷಯ ಈ ಕಥೆಗೆ ಬೇಕು. ಒಂದು, ಟೇಪಿನಲ್ಲಿ ರೆಕಾರ್ಡ್ ಮಾಡಬೇಕಾದರೆ ಅದರ ವೈರನ್ನು ಆಂಪ್ಲಿಫೈಯರಿನಲ್ಲಿ ಸದ್ದು ತಿರುಗಿಸುವ ದೊಡ್ಡ ಗುಂಡಿಗಿಂತ ಮುಂಚೆಯೇ ತೆಗೆದುಕೊಳ್ಳಬೇಕು. ಆಗ ಹಾರ್ನಿನ ಸದ್ದನ್ನು ನಾವು ಎಷ್ಟು ಏರಿಸಿದರೂ ಇಳಿಸಿದರೂ ಕ್ಯಾಸೆಟ್ಟಿಗೆ ಏನೂ ಆಗುವುದಿಲ್ಲ. ಬಾಯಿಂದ ಬಂದದ್ದು ಬಂದ ಹಾಗೇ ಕೂರುತ್ತದೆ.

ಎರಡನೆಯದು ಭಾಷಣಕಾರರನ್ನು ಕೂರಿಸುವ ಉಪಾಯ. ನಾಗಮಂಗಲದ ಕಡೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಒಬ್ಬ ಮುಖಂಡರು ಮೈಕ್ ಹಿಡಿದವರು ಬಿಡಲೇ ಇಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡ ಮಕ್ಕಳು ವೇದಿಕೆ ಪಕ್ಕದಲ್ಲಿ ಬೆವರುತ್ತಾ ನಿಂತಿದ್ದವು. ಹೆಡ್ ಮೇಷ್ಟರು ಬಂದು ಸಾಬರ ಕಿವಿಯಲ್ಲಿ ಏನೋ ಹೇಳಿದರು. ಸಾಬರು ಹೆಬ್ಬೆರಳು, ತೋರುಬೆರಳು ಗುಂಡಿಯ ಮೇಲಿಟ್ಟು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದರು. ಸ್ವಲ್ಪ ಬಿಟ್ಟು ಇನ್ನೊಂದು ಕೂದಲೆಳೆ. ಮುಖಂಡರು ಕೆಮ್ಮಿದರು, ನೀರು ಕುಡಿದರು, ಗಂಟಲು ಸರಿಮಾಡಿಕೊಂಡರು. ಕೊನೆಗೆ "ನನ್ನ ಆರೋಗ್ಯ ಸರಿ ಇಲ್ಲದ ಕಾರಣ" ಅಂತ ಕೈ ಮುಗಿದು ಕೂತೇಬಿಟ್ಟರು. ಮಕ್ಕಳು ಚಪ್ಪಾಳೆ ಹೊಡೆದವು.

ವಾಪಸ್ಸು ಬರುವಾಗ ಸಾಬರು ಹೇಳಿದರು: "ಟಕ್ ಅಂತ ಬಂದ್ ಮಾಡಿದ್ರೆ ನಿನ್ ಕೆನ್ನೆಗೆ ಬೀಳ್ತದೆ. ಧೀರೇ ಧೀರೇ ಇಳಿಸ್ಬೇಕು. ತಮ್ಮ ಗಂಟ್ಲೇ ಸೋತೋಯ್ತು ಅಂತ ಅವ್ರೇ ಕೂತ್ಕೋತಾರೆ. ಆದ್ರೆ ಕೇಳು ಚೆಲುವ, ಹಾಡೋರಿಗೆ ಮಾತ್ರ ಇದು ಮಾಡ್ಬ್ಯಾಡ. ಭಾಷಣದೋನ ಗಂಟ್ಲು ಹೋದ್ರೆ ಊರಿಗೆ ಆರಾಮು. ಹಾಡೋರಿಗೆ ಗಂಟ್ಲು ಹೋಯ್ತು ಅನ್ಸಿದ್ರೆ ಅವ್ರ ಮನ್ಸೇ ಹೋಗ್ತದೆ. ತೌಬಾ!"

ಆಮೇಲೆ ಪಾಂಡವಪುರದಲ್ಲಿ ನನ್ನದೇ ಅಂಗಡಿ ಮಾಡಿಕೊಂಡೆ. ತಪ್ಪುಗಳು ಬೇಕಾದಷ್ಟಾದವು. ಅಕ್ಕಿಹೆಬ್ಬಾಳಿನ ಒಂದು ಮದುವೆಯಲ್ಲಿ ಚಪ್ಪರದ ಕಂಬಕ್ಕೆ ಒರಗಿಸಿದ್ದ ಮೈಕನ್ನು ಆಫ್ ಮಾಡುವುದು ಮರೆತು ಊಟಕ್ಕೆ ಕೂತಿದ್ದೆ. ಗಂಡಿನ ಸೋದರತ್ತೆ ಆ ಕಂಬದ ಪಕ್ಕದಲ್ಲೇ ನಿಂತು ಇನ್ನೊಬ್ಬಾಕೆಗೆ, "ಉಡ್ಗಿ ಬಣ್ಣ ಪರ್ವಾಗಿಲ್ಲ ಕಣಕ್ಕ, ಹಲ್ಲೇ ಒಸಿ ಮುಂದಕ್ಕವೆ" ಅಂದದ್ದು ನಾಲ್ಕು ಹಾರ್ನಿನಲ್ಲಿ ಇಡೀ ಊರಿಗೆ ಕೇಳಿಬಿಟ್ಟಿತು. ಹೆಣ್ಣಿನ ಕಡೆಯವರು ಎಲೆ ಬಿಟ್ಟು ಎದ್ದರು. ಅವತ್ತು ನನ್ನನ್ನು ಉಳಿಸಿದ್ದು ನಮ್ಮಕ್ಕ. ಸೋಬಾನೆ ಹೇಳುವ ಹೆಂಗಸರ ಜೊತೆ ಅವಳೂ ಬಂದಿದ್ದಳು. ಓಡಿ ಹೋಗಿ ಅದೇ ಮೈಕು ಎತ್ತಿಕೊಂಡು ಶುರು ಮಾಡಿದಳು:

"ಬೀಗರು ಬಂದವ್ರೆ ಬಾಗಿಲ ತೆಗೀರಿ
ಬಾಗಿಲು ಸಾಲದು ಮೀಸೇಗೆ
ಹನ್ನೆಲ್ಡು ಒಬ್ಬಟ್ಟು ಒಳಕ್ಕೆ ಹೋದರೂ
ಹದಿಮೂರು ಸಾಲದು ಆಸೇಗೆ!"

ಅಲ್ಲಿಂದ ಹಿಡಿದುಕೊಂಡಳು. ಆ ಸೋದರತ್ತೆಯ ಸೆರಗು, ಅವಳ ಗಂಡನ ಹೊಟ್ಟೆ, ಅವರು ಬಂದ ಟೆಂಪೋದ ಹಾರನ್ನು, ಒಂದೂ ಬಿಡಲಿಲ್ಲ. ಎದ್ದು ನಿಂತವರು ನಗುತ್ತಾ ಕೂತರು. ಜರಿಸಿಕೊಂಡ ಅತ್ತೆಯೇ ಕೊನೆಗೆ, "ಯಾರವ್ವಾ ಈ ಬಜಾರಿ, ಉಸ್ರೇ ಬುಡಾಕಿಲ್ವಲ್ಲ!" ಅಂತ ಅಕ್ಕನ ಕೈಗೆ ತಾಂಬೂಲ ಕೊಟ್ಟಳು.

ಆ ಪದಗಳ ವಿಶೇಷ ಅದೇ ಆಗಿತ್ತು. ಹಾಡಲು ಹೋಗುವ ಮೊದಲು ಅಕ್ಕ ಅಡುಗೆ ಮನೆಯಲ್ಲಿ ಕೂತು ಗಂಡಿನ ಕಡೆಯವರ ಹೆಸರು, ಊರು, ಯಾರಿಗೆ ಕೋಪ ಜಾಸ್ತಿ, ಯಾರಿಗೆ ಕಾಫಿ ಚಟ, ಎಲ್ಲ ಕೇಳಿಕೊಳ್ಳುತ್ತಿದ್ದಳು. ಆಮೇಲೆ ಅಲ್ಲೇ ಕಟ್ಟಿ ಅಲ್ಲೇ ಹಾಡುವುದು. ಒಂದು ಉಸಿರಿಗೆ ಎಷ್ಟು ಸಾಲು ಹೇಳುತ್ತೀಯೋ ಅದರ ಮೇಲೆ ಬೆಲೆ. ಅಕ್ಕ ಒಂದೇ ಉಸಿರಿಗೆ ಎಂಟು ಸಾಲು ಹೇಳುತ್ತಿದ್ದಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವ್ವ ಬೇಗ ಹೋದಳು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಲಿಕ್ಕೆ ಅಂತ ಅಕ್ಕ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಭಾವ ತೀರಿಕೊಂಡರು. ಮಕ್ಕಳಿರಲಿಲ್ಲ. ನಮ್ಮೂರಿಗೇ ವಾಪಸ್ಸು ಬಂದು ನಮ್ಮ ಮನೆಯ ಪಕ್ಕದ ಕೋಣೆಯಲ್ಲಿದ್ದಳು. ಗದ್ದೆ ಕೆಲಸಕ್ಕೆ ಹೋಗುವಾಗ ಒಬ್ಬ ಕೂಲಿ ಹೆಂಗಸು, ಮದುವೆ ಮನೆಯಲ್ಲಿ ಮೈಕ್ ಹಿಡಿದಾಗ ಬೇರೆಯೇ ಒಬ್ಬಳು. ಅವಳಿಗೆ ತನ್ನದು ಅಂತ ಇದ್ದದ್ದು ಆ ದನಿ ಒಂದೇ.

ಈಗ ಕೆ.ಆರ್. ಪೇಟೆಯ ಮದುವೆ ಬಗ್ಗೆ ಹೇಳಲೇಬೇಕು. ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಮಗಳು ಸವಿತಾ ಆಗ ತೊಟ್ಟಿಲಲ್ಲಿದ್ದಳು. ಹೆಣ್ಣಿನ ಕಡೆಯವರು ಅಕ್ಕನನ್ನು ಹಾಡಲು ಕರೆಸಿದ್ದರು. ನಾನು ಹೊಸದಾಗಿ ತಂದ ದೊಡ್ಡ ಬಾಕ್ಸುಗಳನ್ನು ಜೋಡಿಸಿದ್ದೆ. ಟೇಪಿಗೆ ಕ್ಯಾಸೆಟ್ ಹಾಕಿ, ವೈರನ್ನು ಗುಂಡಿಗಿಂತ ಮುಂಚೆ ತೆಗೆದು, ರೆಕಾರ್ಡ್ ಒತ್ತಿದ್ದೆ. ಅಕ್ಕನ ಹಾಡು ಒಂದಾದರೂ ಇಟ್ಟುಕೊಳ್ಳಬೇಕು ಅನ್ನುವ ಆಸೆ ಇತ್ತು. ಆಸೆ ಸುಳ್ಳಲ್ಲ. ಅದೇ ದಿನ ನಾನು ಮಾಡಿದ್ದೂ ಸುಳ್ಳಲ್ಲ.

ಧಾರೆ ಮುಗಿದಿತ್ತು. ಅಕ್ಕ ಜಮಖಾನದ ಮೇಲೆ ಕೂತು ಅದೇ 'ಬೀಗರು ಬಂದವ್ರೆ' ಪದ ಎತ್ತಿಕೊಂಡಳು. ಜನ ನಗುತ್ತಿದ್ದರು. ಅಷ್ಟರಲ್ಲಿ ಗಂಡಿನ ಸೋದರಮಾವ ನನ್ನ ಟೇಬಲ್ಲಿನ ಹತ್ತಿರ ಬಂದರು. ಕಪ್ಪು ಕನ್ನಡಕ, ಸಫಾರಿ.

"ಏನಯ್ಯ ಇದು, ಮುದ್ಕೀರ್ ಗೋಳು? ನಮ್ ಉಡುಗ್ರು ಡ್ಯಾನ್ಸ್ ಮಾಡ್ಬೇಕು ಅಂತ ಬಂದವ್ರೆ. ಒಸಾ ಕ್ಯಾಸೆಟ್ ಆಕು."

"ಇನ್ನೊಂದ್ ಪದ ಸಾ. ಮುಗಿಸ್ಬುಡ್ತಾರೆ" ಅಂದೆ.

"ಅದು ನಮ್ಮುನ್ನೇ ಬಯ್ತಾ ಕೂತದೆ, ನೀನು ಇನ್ನೊಂದು ಅಂತೀಯ. ನೋಡು, ಕಾರ್ತೀಕದಲ್ಲಿ ನನ್ ಮಗಳ ಮದ್ವೆ, ಅದಾದ್ಮೇಲೆ ನಮ್ಮಣ್ಣನ ಮಗಂದು. ಮೈಕ್ ಸೆಟ್ಟು ನಿಂಗೇ ಏಳಣ ಅನ್ಕೊಂಡಿದ್ದೆ. ಬ್ಯಾಡ್ವಾದ್ರೆ ಬುಡು."

ಅಕ್ಕನ ಹತ್ತಿರ ಹೋಗಿ "ಸಾಕು ಅಕ್ಕ" ಅನ್ನಬಹುದಿತ್ತು. ಅವಳು ನಕ್ಕು ಎದ್ದು ಬರುತ್ತಿದ್ದಳು. ಅಷ್ಟು ಜನರ ಎದುರು ಆ ಮಾತು ಹೇಳಲು ನನಗೆ ಮುಜುಗರವಾಯಿತು. ಈ ಹಾಡುವ ಹೆಂಗಸು ನಮ್ಮಕ್ಕ ಅಂತ ಆ ಸಫಾರಿಯವರಿಗೆ ಗೊತ್ತಾಗುವುದೂ ಬೇಡವಾಗಿತ್ತು. ಹೆಬ್ಬೆರಳು, ತೋರುಬೆರಳು ಗುಂಡಿಯ ಮೇಲೆ ಹೋದವು. ಕೂದಲೆಳೆಯಷ್ಟು ಎಡಕ್ಕೆ. ಸ್ವಲ್ಪ ಬಿಟ್ಟು ಇನ್ನೊಂದು.

ಅಕ್ಕ ಕತ್ತು ಮುಂದಕ್ಕೆ ಚಾಚಿದಳು. ದನಿ ಏರಿಸಿದಳು. ನಾನು ಇಳಿಸಿದೆ. ಅವಳು ಇನ್ನೂ ಏರಿಸಿದಳು. ಕತ್ತಿನ ನರ ಎದ್ದು ಕಾಣುತ್ತಿತ್ತು. ಹಿಂದಿನ ಸಾಲಿನವರು ಆಗಲೇ ತಮ್ಮ ತಮ್ಮ ಮಾತಿಗೆ ತಿರುಗಿದ್ದರು. ಅಕ್ಕ ಗಂಟಲ ಮೇಲೆ ಕೈ ಇಟ್ಟುಕೊಂಡಳು, ನೀರು ಕುಡಿದಳು, ಕೊನೆಯ ಎರಡು ಸಾಲನ್ನು ಕಿರುಚಿದಂತೆ ಹೇಳಿದಳು. ಬಾಕ್ಸಿನಿಂದ ಬಂದದ್ದು ಪಿಸುಮಾತಿನಷ್ಟು. ಮೈಕನ್ನು ಜಮಖಾನದ ಮೇಲೆ ಮಲಗಿಸಿ ಎದ್ದಳು. ನಾನು ಹೊಸ ಕ್ಯಾಸೆಟ್ ಹಾಕಿದೆ. ಹುಡುಗರು ಕುಣಿದರು.

ನನ್ನ ಪಕ್ಕದ ಕುರ್ಚಿಗೆ ಬಂದು ಕೂತ ಅಕ್ಕನ ಹಣೆಯಲ್ಲಿ ಬೆವರು. "ಗಂಟ್ಲು ಕೈ ಕೊಟ್ಬುಡ್ತು ಕಣ್ಲಾ ಚೆಲ್ವ. ನಂಗೇ ಕೇಳ್ನಿಲ್ಲ ನನ್ ದನಿ" ಅಂದಳು.

ಅವಳಿಗೆ ಆಗ ಐವತ್ತೂ ಆಗಿರಲಿಲ್ಲ. ನಾನು ವೈರು ಸುತ್ತುತ್ತಾ, ತಲೆ ಎತ್ತದೆ ಹೇಳಿದೆ: "ವಯಸ್ಸಾಯ್ತಲ್ಲಕ್ಕ."

ಆಮೇಲೆ ಅಕ್ಕ ಹಾಡಲಿಲ್ಲ. ಯಾರು ಕರೆದರೂ, "ನನ್ ಗಂಟ್ಲು ಆ ಪ್ಯಾಟೆ ಮದ್ವೇಲೇ ಓಯ್ತು ಕಣವ್ವ, ಬ್ಯಾರೇರ್ನ ಕರ್ಕೊಳಿ" ಅನ್ನುತ್ತಿದ್ದಳು. ನಾನು ಎಷ್ಟೋ ಸಲ ಬಾಯಿ ತೆರೆದೆ. ನಾಳೆ ಹೇಳೋಣ, ಹಬ್ಬ ಕಳೆಯಲಿ, ಅವಳ ಮನಸ್ಸು ಚೆನ್ನಾಗಿರುವ ದಿನ ನೋಡಿ ಹೇಳೋಣ ಅಂದುಕೊಂಡೆ. ಸೋದರಮಾವನ ಮಗಳ ಮದುವೆ ನನಗೇ ಸಿಕ್ಕಿತು. ಅಲ್ಲಿ ಸೋಬಾನೆಯೇ ಇರಲಿಲ್ಲ. ಸ್ವಲ್ಪ ವರ್ಷಕ್ಕೆ ಯಾವ ಮದುವೆಯಲ್ಲೂ ಇಲ್ಲವಾಯಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್ ಡ್ರೈವ್ ಬಂತು, ಡಿ.ಜೆ. ಬಂತು. ಕಿಟಕಿ ಗಾಜು ನಡುಗುವ ಬಾಕ್ಸುಗಳು ಬಂದವು. ಗುಂಡಿಗಳ ಜಾಗಕ್ಕೆ ಮೇಲೆ ಕೆಳಗೆ ಜಾರುವ ಪಟ್ಟಿಗಳು ಬಂದವು, ಆಮೇಲೆ ಬೆರಳಿಟ್ಟರೆ ಸಾಕು ಅನ್ನುವ ಗಾಜು ಬಂತು. ನಾನೂ ಎಲ್ಲ ಕಲಿತೆ. ಹೇಗೂ ಕಾಲ ಬದಲಾಯಿತು, ಅಕ್ಕನ ಹಾಡು ನಿಲ್ಲುವುದೇ ಇತ್ತು ಅಂತ ಸಮಾಧಾನ ಹೇಳಿಕೊಂಡೆ. ನಿಮಗೆ ಹೇಳುತ್ತೇನೆ, ಕಾಲದ ಮೇಲೆ ಹಾಕುವುದು ಬಹಳ ಸುಲಭ.

ಐದು ವರ್ಷದ ಹಿಂದೆ ಅಕ್ಕನ ಮಾತು ನಿಜವಾಗಿಯೂ ಗೊಗ್ಗರಾಗುತ್ತಾ ಬಂತು. ನನ್ನ ಹೆಂಡತಿ ಜಯಮ್ಮ, "ಆಸ್ಪತ್ರೆಗೆ ತೋರ್ಸನ ಬನ್ನಿ ಅಕ್ಕ" ಅಂತ ತಿಂಗಳುಗಟ್ಟಲೆ ಹಿಂದೆ ಬಿದ್ದಳು. ಅಕ್ಕ ಕೇಳಲಿಲ್ಲ. "ಇದು ಒಸದಲ್ಲ ಕಣವ್ವ, ಹಳೇ ಗಂಟ್ಲು, ಅವತ್ತಿಂದೇ" ಅನ್ನುತ್ತಿದ್ದಳು. ನುಂಗಲು ಕಷ್ಟವಾದ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಯಾವಾಗಿಂದ ಅಂತ ಕೇಳಿದರು. ಅಕ್ಕ ಉಳಿದಿದ್ದ ಚೂರು ದನಿಯಲ್ಲಿ, "ಬಾಳ ವರ್ಸಾಯ್ತು ಸಾ. ಒಂದ್ ಮದ್ವೇಲಿ ಹಾಡ್ತಾ ಹಾಡ್ತಾನೇ ಓಯ್ತು" ಅಂದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಒಂದು ವರ್ಷ ಮುಂಚೆ ಬಂದಿದ್ದರೆ ದನಿ ಉಳಿಸಬಹುದಿತ್ತೇನೋ ಅಂದರು. ಆಪರೇಷನ್ ಮಾಡಿ ದನಿಪೆಟ್ಟಿಗೆ ತೆಗೆದರು. ಈಗ ಅಕ್ಕ ಕತ್ತಿನ ತೂತಿನಿಂದ ಉಸಿರಾಡುತ್ತಾಳೆ. ತುಟಿ ಆಡುತ್ತದೆ, ಶಬ್ದ ಬರುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ನಡುಮನೆಯಲ್ಲೇ ಮಂಚ ಹಾಕಿದೆವು. ಕರೆಯಬೇಕಾದರೆ ಸ್ಟೀಲ್ ಲೋಟದಿಂದ ಮಂಚದ ಕಬ್ಬಿಣ ಬಡಿಯುತ್ತಾಳೆ. ಒಂದು ಬಡಿದರೆ ಜಯಮ್ಮ. ಎರಡು ಬಡಿದರೆ ನಾನು. ಮೂರು ಬಡಿದರೆ ಸವಿತಾ. ಅದೇ ವರ್ಷ ನನಗೂ ಎಡಗಿವಿ ಮಂದವಾಯಿತು. ಸಾಮಾನೆಲ್ಲ ಬೇರೆಯವರಿಗೆ ಕೊಟ್ಟು ಕೆಲಸ ಬಿಟ್ಟೆ. ಹಳೇ ಕ್ಯಾಸೆಟ್ಟುಗಳ ಪೆಟ್ಟಿಗೆ ಮಾತ್ರ ಉಳಿಯಿತು.

ಆ ಪೆಟ್ಟಿಗೆ ಕೇಳಿಕೊಂಡು ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಯುವಕ ಬಂದ. ರ‍್ಯಾಪ್ ಹಾಡುವವನ ಕಡೆಯವನು. ನಮ್ಮ ಸೀಮೆಯ ಹಳೇ ಮದುವೆ ಪದಗಳು ಬೇಕು ಅಂದ. ಜಗುಲಿಯಲ್ಲಿ ಕೂತು ಹತ್ತಾರು ಕ್ಯಾಸೆಟ್ಟುಗಳನ್ನು ತನ್ನ ಮೆಷಿನ್ನಿಗೆ ಹಾಕಿ, ಕಿವಿಗೆ ಹೆಡ್ ಫೋನ್ ಇಟ್ಟುಕೊಂಡು ಕೇಳಿದ. ಕೆ.ಆರ್. ಪೇಟೆಯದು ಬಂದಾಗ ಎದ್ದೇ ನಿಂತ. "ಸರ್, ಯಾರಿದು? ಯಾರ್ ಸರ್ ಇವರು?"

ಹೆಸರು ಹೇಳಿದರೆ ಅವನು ಒಳಗೆ ಬರುತ್ತಾನೆ, ಅಕ್ಕನಿಗೆ ಕೇಳಿಸುತ್ತಾನೆ. ಆ ಕ್ಯಾಸೆಟ್ಟಿನಲ್ಲಿ ಅವತ್ತಿನ ಅವಳ ದನಿ ಪೂರ್ತಿ ಇದೆ. ಗುಂಡಿಗಿಂತ ಮುಂಚಿನ ವೈರು. ಕೇಳಿದ ಕ್ಷಣ ಅವಳಿಗೆ ಗೊತ್ತಾಗುತ್ತದೆ. ನಾನು ಹೇಳಿದೆ: "ಯಾರೋ ಸೋಬಾನೆಯೋರು. ಹೆಸ್ರು ಗೊತ್ತಿಲ್ಲ. ಈಗ ಇದ್ದಂಗಿಲ್ಲ."

ಆಗಲೇ ಒಳಗಿನಿಂದ ಲೋಟದ ಸದ್ದು ಬಂತು. ಎರಡು ಸಲ. ಅಕ್ಕನಿಗೆ ದಿಂಬು ಸರಿಮಾಡಬೇಕಿತ್ತು.

ಆಲ್ಬಂ ಬಂದ ಮೇಲೆ ನಾನು ಜನರ ಮಾತು ಕೇಳುತ್ತಾ ತಿರುಗಿದೆ. ಅಂಗಡಿ, ಬಸ್ಸು, ಕಟಿಂಗ್ ಶಾಪು, ಎಲ್ಲೆಲ್ಲೂ ಅದೇ. ಬೆಳ್ಳೂರು ಕ್ರಾಸಿನ ಒಂದು ಹೋಟೆಲಿನಲ್ಲಿ ಮೂವರು ಇದನ್ನೇ ಹಾಕಿಕೊಂಡು ಕೂತಿದ್ದರು. ಲಾರಿ ಡ್ರೈವರೊಬ್ಬ ಹೇಳಿದ: "ಸಿನಿಮಾದಲ್ಲಿ ಎಲ್ಡು ನಿಮ್ಸ ಬಂದೋಗ್ತಿದ್ದ, ಸಂದಾಗಿತ್ತು. ಇಲ್ಲಿ ನೋಡ್ಲಾ, ಮುಕ್ಕಾಲ್ ಗಂಟೆ ಬರೀ ನಾನು, ನನ್ ಕಾರು, ನನ್ ಕನ್ನಡ್ಕ."

ಎದುರಿಗಿದ್ದ ಕೊರಿಯರ್ ಹುಡುಗ ಬಿಡಲಿಲ್ಲ. "ಅಣ್ಣೋ, ನಮ್ ಕಡೆ ಮಾತ್ನ ಬೆಂಗ್ಳೂರೋರ ಬಾಯಲ್ಲಿ ಆಡ್ಸವ್ನೆ. ಸುಮ್ನೆ ಆಯ್ತದಾ?"

"ಮಾತು ನಮ್ದು, ಕಾರು ಅವಂದು. ನಿಂಗೇನ್ಲಾ ಸಿಕ್ತು?"

"ಇಬ್ರೂ ಬಾಯ್ ಮುಚ್ಚಿ, ಆರನೇದ್ ಆಕ್ರೋ" ಅಂದರು ಹೋಟೆಲಿನವರು. "ಆಯಮ್ಮಂದು. ಇಡೀ ಆಲ್ಬಮ್ಮಲ್ಲಿ ಅದೊಂದೇ ಕೇಳಂಗಿರದು. ಕೊನೇಲಿ ಏರಿಸ್ತಾಳಲ್ಲಾ, ಮೈ ಜುಂ ಅಂತದೆ ಕಣ್ರಪ್ಪ."

ಅಕ್ಕನ ದನಿ ಆ ಸಣ್ಣ ಫೋನಿನಿಂದ ಬಂತು. ಮೀಸೆ, ಒಬ್ಬಟ್ಟು, ಆಸೆ. ಏರುತ್ತಾ ಏರುತ್ತಾ ಕೊನೆಯ ಎರಡು ಸಾಲು. ಎಲ್ಲರೂ ಮೆಚ್ಚುವ ಜಾಗ. ಅವಳು ಅಲ್ಲಿ ಯಾಕೆ ಏರಿಸಿದಳು ಅಂತ ಗೊತ್ತಿದ್ದವನು ಆ ಹೋಟೆಲಿನಲ್ಲಿ ನಾನೊಬ್ಬನೇ. ತನ್ನ ದನಿ ತನಗೆ ಕೇಳದೆ, ಮುಳುಗುವವರು ಕೈ ಎತ್ತುವ ಹಾಗೆ ಎತ್ತಿದ್ದಳು.

"ಅದು ಮನುಸ್ರದ್ದಲ್ಲ" ಅಂದ ಕೊರಿಯರ್ ಹುಡುಗ. "ಕಂಪ್ಯೂಟ್ರಲ್ಲಿ ಮಾಡವ್ರೆ. ಒಂದುಸ್ರಿಗೆ ಎಂಟು ಸಾಲು ಯಾರ್ ಏಳಕಾಯ್ತದೆ?"

"ಆಯ್ತದೆ" ಅಂದೆ. ನನಗೇ ಗೊತ್ತಿಲ್ಲದೆ ಬಾಯಿಂದ ಬಂತು.

ಮೂವರೂ ತಿರುಗಿದರು. "ನಿಮ್ಗೆಂಗ್ ಗೊತ್ತು ಯಜಮಾನ್ರೇ? ಯಾರಾದ್ರು ಇದ್ರಾ ಅಂಗೆ ಹಾಡೋರು?"

"ಕೇಳಿದ್ದೆ. ಯಾವಾಗಲೋ" ಅಂದು ಎದ್ದುಬಂದೆ. ಅಕ್ಕನನ್ನು ಮೊದಲು ಸತ್ತವಳು ಅಂದೆ. ಅವಳು ಮನುಷ್ಯಳೇ ಅಲ್ಲ ಅಂದಾಗಲೂ ಕೇಳಿಕೊಂಡು ಬಂದೆ.

ಒಂದು ಭಾನುವಾರ ಬೆಳಿಗ್ಗೆ ಸವಿತಾ ನಡುಮನೆಯಲ್ಲಿ ಸೊಪ್ಪು ಸೋಸುತ್ತಾ ಫೋನಿನಲ್ಲಿ ಆಲ್ಬಂ ಹಾಕಿದಳು. ಅವಳು ಪಾಂಡವಪುರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಸೋದರತ್ತೆ ಹಾಡಿದ್ದನ್ನು ಅವಳು ಬುದ್ಧಿ ಬಂದ ಮೇಲೆ ಕೇಳಿಲ್ಲ, ಹಾಗಾಗಿ ಅವಳಿಗೆ ಗುರುತಾಗಲಿಲ್ಲ. ಜನ ಕೆಳಗೆ ಬರೆದದ್ದನ್ನು ಜೋರಾಗಿ ಓದುತ್ತಿದ್ದಳು. "ಕೇಳಪ್ಪ. 'ಆರನೇ ಹಾಡಿಗೋಸ್ಕರ ಉಳಿದ ಒಂಬತ್ತನ್ನೂ ಕ್ಷಮಿಸಿದೆ.' ಇನ್ನೊಬ್ರು, 'ಆ ಅಜ್ಜಿ ಭಾಗ ಓಡಿಸಿ ಮುಂದೆ ಹೋಗಿ' ಅಂತ. ಅವ್ರಿಗೆ ಕೆಳಗೆ ನಲವತ್ತು ಜನ ಬೈದವ್ರೆ."

ಆರನೇ ಹಾಡು ಶುರುವಾಯಿತು. ಮೊದಲ ಸಾಲು ಮುಗಿಯುವ ಮೊದಲೇ ಮಂಚದ ಕಬ್ಬಿಣ ಎರಡು ಸಲ ಬಡಿಯಿತು.

ಅಕ್ಕ ಎದ್ದು ಕೂತಿದ್ದಳು. ಫೋನು ತೋರಿಸಿ, ಮತ್ತೆ ಹಾಕು ಅಂತ ಕೈ ಮಾಡಿದಳು. ಮತ್ತೆ ಹಾಕಿದೆ. ತುಟಿ ಹಾಡಿನ ಜೊತೆ ಆಡುತ್ತಿತ್ತು, ಒಂದು ಅಕ್ಷರ ಹಿಂದೆ ಬೀಳದೆ. ಸವಿತಾ ಸೊಪ್ಪು ಕೆಳಗಿಟ್ಟಳು. "ಅಪ್ಪ... ಅತ್ತೇನಾ ಇದು?"

ಹಾಡು ಏರುವ ಜಾಗ ಬಂದಾಗ ಅಕ್ಕ ತುಟಿ ನಿಲ್ಲಿಸಿದಳು. ಬೆರಳಿಂದ ಫೋನು ತೋರಿಸಿದಳು, ತನ್ನ ಗಂಟಲು ತೋರಿಸಿದಳು, ಎರಡು ಕೈಯನ್ನೂ ಅಗಲ ಮಾಡಿದಳು: ಇಲ್ಲಿ ಇಷ್ಟು ದೊಡ್ಡದಿದೆ. ಆಮೇಲೆ ಕಿವಿ ತೋರಿಸಿ, ಕೈಯನ್ನು ನೆಲದ ಕಡೆಗೆ ಇಳಿಸಿದಳು: ಅವತ್ತು ಇಷ್ಟೇ ಕೇಳಿತು. ಹುಬ್ಬು ಎತ್ತಿ ನನ್ನನ್ನು ನೋಡಿದಳು.

ಸವಿತಾ ಅರ್ಥ ಮಾಡಿಕೊಂಡು, "ಅದು ಕಂಪ್ಯೂಟರಲ್ಲಿ ಜಾಸ್ತಿ ಮಾಡಿರ್ತಾರೆ ಅತ್ತೆ. ಹಳೇ ದನಿ ಎಷ್ಟು ಬಿದ್ದೋಗಿದ್ರೂ ಎತ್ತಿ ಕೊಡ್ತಾರೆ ಈಗ" ಅಂದಳು.

ಅಕ್ಕ ನಿಧಾನವಾಗಿ ತಲೆ ಆಡಿಸಿದಳು. ಹಾಗೋ, ಅನ್ನುವಂತೆ. ನಂಬಿಬಿಟ್ಟಳು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳ ಮುಖದಲ್ಲಿ ಒಂದು ಕ್ಷಣದ ಹಿಂದೆ ಬಂದಿದ್ದ ಬೆಳಕು ಆರುತ್ತಿರುವುದನ್ನು ನೋಡಿದೆ. ಇಪ್ಪತ್ತು ವರ್ಷದ ಹಿಂದೆ ಕುರ್ಚಿಯಲ್ಲಿ ಬಂದು ಕೂತಾಗಿನ ಅದೇ ಮುಖ. ಎರಡನೇ ಸಲ ಅದನ್ನು ನೋಡಿಕೊಂಡು ವೈರು ಸುತ್ತಲು ನನ್ನಿಂದ ಆಗಲಿಲ್ಲ.

"ಕಂಪ್ಯೂಟ್ರಲ್ಲ ಅಕ್ಕ" ಅಂದೆ. "ನಿನ್ ಗಂಟ್ಲು ಸರಿಯಾಗೇ ಇತ್ತು ಅವತ್ತು. ನಾನು..." ಬಲಗೈ ಎತ್ತಿ, ಹೆಬ್ಬೆರಳು ತೋರುಬೆರಳು ಜೋಡಿಸಿ, ಗಾಳಿಯಲ್ಲಿ ಎಡಕ್ಕೆ ತಿರುಗಿಸಿ ತೋರಿಸಿದೆ. ಸ್ವಲ್ಪ. ಇನ್ನೂ ಸ್ವಲ್ಪ.

ಅಕ್ಕ ನನ್ನ ಬೆರಳನ್ನೇ ನೋಡಿದಳು. ಅವಳ ಕತ್ತಿನ ತೂತಿನಲ್ಲಿ ಉಸಿರು ಜೋರಾಗಿ ಹೋಗಿ ಬರುವುದು ಮಾತ್ರ ಕೇಳುತ್ತಿತ್ತು. ಆಮೇಲೆ ಕೈ ಚಾಚಿ ಆ ಎರಡು ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಒತ್ತಲಿಲ್ಲ, ತಿರುಚಲಿಲ್ಲ. ಮಗುವಾಗಿದ್ದಾಗ ನಾನು ಬೆಂಕಿ ಕಡೆ ಹೋದರೆ ಹಿಡಿಯುತ್ತಿದ್ದ ಹಾಗೆ ಹಿಡಿದಿದ್ದಳು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕೈಯನ್ನು ನನ್ನ ತೊಡೆಯ ಮೇಲಿಟ್ಟು, ಗೋಡೆ ಕಡೆ ತಿರುಗಿ ಮಲಗಿದಳು.

ಮಾರನೇ ದಿನ ಆ ಬೆಂಗಳೂರಿನ ಯುವಕನಿಗೆ ಫೋನ್ ಮಾಡಿ ನಿಜ ಹೇಳಿದೆ. ಹೆಸರು ಹಾಕುತ್ತೇವೆ, ಸ್ವಲ್ಪ ಸಮಯ ಕೊಡಿ ಅಂದಿದ್ದಾನೆ. ಸವಿತಾ ಹಾಡಿನ ಕೆಳಗೆ ಬರೆದಳು: "ಇದು ಕಂಪ್ಯೂಟರ್ ಅಲ್ಲ. ನಮ್ಮ ಅತ್ತೆ ಸಾಕಮ್ಮ. ಬದುಕಿದ್ದಾರೆ." ಅದಕ್ಕೆ ಒಬ್ಬರು ನಗುವ ಗೊಂಬೆ ಹಾಕಿದ್ದಾರೆ. ಇನ್ನೊಬ್ಬರು, "ಎಲ್ಲರೂ ಹೀಗೇ ಹೇಳುತ್ತಾರೆ, ಹಾಗಿದ್ದರೆ ಒಂದು ಸಲ ಹಾಡಿಸಿ ವಿಡಿಯೋ ಹಾಕಿ" ಅಂತ ಬರೆದಿದ್ದಾರೆ. ಅವರ ತಪ್ಪಿಲ್ಲ. ಸಾಕ್ಷಿ ಹೇಳಬೇಕಾದ ಕಾಲದಲ್ಲಿ ನಾನು ಹೇಳಲಿಲ್ಲ.

ಈ ಕೆಲಸಕ್ಕೆ ಬರುವವರಿಗೆ ನನ್ನಿಂದ ಹೇಳಲಾಗುವುದು ಇಷ್ಟೇ. ನಿಮ್ಮ ಬೆರಳ ತುದಿಯಲ್ಲಿ ಈಗ ನಮಗಿಂತ ನೂರು ಪಟ್ಟು ಶಕ್ತಿ ಇದೆ. ಹಾಡುವವರನ್ನು ನಿಲ್ಲಿಸಬೇಕಾಗಿ ಬಂದರೆ ಎದ್ದು ಹೋಗಿ ಮುಖ ನೋಡಿ ಹೇಳಿ. ಬೈಸಿಕೊಳ್ಳಿ. ಆ ಬೈಗುಳ ಒಂದು ದಿನಕ್ಕೆ ಮುಗಿಯುತ್ತದೆ. ಖಾದರ್ ಸಾಬರು ಇದನ್ನೇ ಹೇಳಿದ್ದರು. ನಾನು ಬರೀ ಉಪಾಯ ಕಲಿತೆ.

ಅದಾಗಿ ಎರಡು ತಿಂಗಳಾಯಿತು. ಅಕ್ಕ ಊಟ ಮಾಡುತ್ತಾಳೆ, ಸವಿತಾಳ ಫೋನಿನಲ್ಲಿ ದಿನಕ್ಕೊಂದು ಸಲ ಆರನೇ ಹಾಡು ಕೇಳುತ್ತಾಳೆ, ಜಯಮ್ಮನ ಜೊತೆ ಕೈಯಲ್ಲೇ ತಮಾಷೆ ಮಾಡುತ್ತಾಳೆ. ನಾನು ಹತ್ತಿರ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಲೋಟದ ಸದ್ದು ಈಗಲೂ ದಿನಕ್ಕೆ ಹತ್ತಾರು ಸಲ ಬರುತ್ತದೆ. ನನ್ನ ಸರಿ ಇರುವ ಕಿವಿಯನ್ನು ಒಳಗಿನ ಕಡೆಗೆ ಮಾಡಿಕೊಂಡು ಜಗುಲಿಯಲ್ಲಿ ಕೂತಿರುತ್ತೇನೆ. ಒಂದು ಬಡಿತ ಬಂದು ನಿಂತರೆ ಜಯಮ್ಮ ಏಳುತ್ತಾಳೆ, ಮೂರು ಬಂದರೆ ಸವಿತಾ. ಕೆಲವು ಸಲ ಎರಡನೆಯದೂ ಬರುತ್ತದೆ. ನಾನು ಎದ್ದು ನಿಲ್ಲುತ್ತೇನೆ. ಅಷ್ಟರಲ್ಲಿ ಅದರ ಹಿಂದೆಯೇ ಮೂರನೆಯದೂ ಬರುತ್ತದೆ.